ಮೈಯೆಲ್ಲ ಬ್ಯಾನಿ, ರಿಪೋರ್ಟೆಲ್ಲ ನಾರ್ಮಲ್: ಫೈಬ್ರೊಮಯಾಲ್ಜಿಯಾಕ್ಕೆ ಗುಳಿಗೆ ಶುರು ಮಾಡುವ ಕ್ರಮ

‘ಮೈ ಕೈಯೆಲ್ಲಾ ಬ್ಯಾನಿ ಆಗ್ಯಾದ ರೀ, ರಾತ್ರಿ ನಿದ್ದಿ ಇಲ್ಲ’ ಎಂದು ದವಾಖಾನೆಗೆ ಹೋದರೆ ಕಲಬುರಗಿ ಸೀಮೆಯಲ್ಲಿ ಬಹಳ ಸಲ ಸಿಗುವುದು ಒಂದು ಸೂಜಿ, ಒಂದು ಸಲೈನ್ ಬಾಟ್ಲಿ, ಐದು ದಿನದ ನೋವಿನ ಗುಳಿಗೆ. ಎರಡು ದಿನ ಹಗುರ, ಮೂರನೇ ದಿನ ಮತ್ತದೇ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಎಕ್ಸ್‌ರೇ, ಎಂಆರ್‌ಐ, ರಕ್ತಪರೀಕ್ಷೆ ಎಲ್ಲ ನಾರ್ಮಲ್ ಬರುತ್ತವೆ. ಆಗ ಮನೆಯವರು ‘ಏನೂ ಇಲ್ಲಂತ, ಸುಮ್ನ ಮನಸ್ಸಿಗೆ ಹಚ್ಕೊಂಡಾಳ’ ಎನ್ನತೊಡಗುತ್ತಾರೆ. ಅವರ ಮಾತು ತಪ್ಪು. ನೋವು ನಿಜ, ಅದಕ್ಕೆ ಹೆಸರೂ ಇದೆ, ಔಷಧವೂ ಇದೆ.

ಫೈಬ್ರೊಮಯಾಲ್ಜಿಯಾದಲ್ಲಿ ಕೀಲು ಸವೆದಿರುವುದಿಲ್ಲ, ಸ್ನಾಯು ಹರಿದಿರುವುದಿಲ್ಲ. ಹದ ತಪ್ಪಿರುವುದು ನೋವಿನ ಸುದ್ದಿ ಹೊತ್ತು ತರುವ ನರವ್ಯವಸ್ಥೆ. ಬೆನ್ನುಹುರಿ ಮತ್ತು ಮಿದುಳು ಸಣ್ಣ ಒತ್ತಡವನ್ನೂ ದೊಡ್ಡ ನೋವಾಗಿ ಎಣಿಸುತ್ತವೆ, ಬಂದ ನೋವನ್ನು ತಗ್ಗಿಸುವ ದೇಹದ ಒಳಗಿನ ಏರ್ಪಾಡು ದುರ್ಬಲವಾಗಿರುತ್ತದೆ. ಬಾವು ಇಳಿಸುವ ಗುಳಿಗೆ ಇಲ್ಲಿ ಸೋಲುವುದು ಅದಕ್ಕೇ, ಇಳಿಸಲು ಬಾವೇ ಇಲ್ಲ. ಬೇಕಾದದ್ದು ನರದ ಮಟ್ಟದಲ್ಲಿ ಕೆಲಸ ಮಾಡುವ ಔಷಧ. ಅದನ್ನು ಒಂದೊಂದಾಗಿ, ಸಣ್ಣ ಪ್ರಮಾಣದಿಂದ ಶುರು ಮಾಡಿ, ನಿಧಾನ ಏರಿಸಿ, ಗುಣ ಬಂತೋ ಇಲ್ಲವೋ ಎಂದು ಬರೆದಿಟ್ಟು ನೋಡಬೇಕು. ಔಷಧ ಫಲಿಸಲಿಲ್ಲ ಎನ್ನುವ ಎಷ್ಟೋ ಜನರಲ್ಲಿ ಈ ಕ್ರಮದ ಯಾವುದಾದರೊಂದು ಹೆಜ್ಜೆ ತಪ್ಪಿರುತ್ತದೆ.

ಇಲ್ಲಿ ಹೇಳುವ ನರದ ಔಷಧಗಳೆಲ್ಲ ವೈದ್ಯರ ಚೀಟಿಯ ಮೇಲೆಯೇ ತೆಗೆದುಕೊಳ್ಳಬೇಕಾದವು. ಪ್ರಮಾಣಗಳನ್ನು ಬರೆದಿರುವುದು ವೈದ್ಯರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳಲೆಂದು, ಮೆಡಿಕಲ್‌ಗೆ ಹೋಗಿ ನೀವೇ ಕೊಳ್ಳಲೆಂದಲ್ಲ.

ಮೊದಲು: ಇದು ಫೈಬ್ರೊಮಯಾಲ್ಜಿಯಾ ಹೌದೇ?

ಈ ರೋಗವನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. 2016ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ ವೈದ್ಯರು ದೇಹದ 19 ಜಾಗಗಳಲ್ಲಿ ಕಳೆದ ವಾರ ಎಲ್ಲೆಲ್ಲಿ ನೋವಿತ್ತು ಎಂದು ಎಣಿಸುತ್ತಾರೆ. ದಣಿವು, ಎದ್ದಾಗಲೂ ನಿದ್ದೆಯಾಗದಂತಿರುವುದು, ನೆನಪು ಮಸುಕಾಗುವುದು ಮುಂತಾದವಕ್ಕೆ ಬೇರೆ ಅಂಕ ಕೊಡುತ್ತಾರೆ. ನೋವು ಮೈಯ ಐದು ಭಾಗಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಹರಡಿ ಮೂರು ತಿಂಗಳು ದಾಟಿರಬೇಕು. ಬರೀ ನಡ ನೋವು ಅಥವಾ ಬರೀ ಮೊಣಕಾಲು ನೋವು ಇದಲ್ಲ.

ರಕ್ತಪರೀಕ್ಷೆ ಮಾಡಿಸುವುದು ಬೇರೆ ರೋಗ ತಪ್ಪಿಹೋಗದಿರಲೆಂದು. ಹಿಮೋಗ್ಲೋಬಿನ್, ಬಾವು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಕಿಡ್ನಿಯ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಬಿ12, ಇಷ್ಟಾದರೆ ಬಹುಪಾಲು ಸಾಕು. ಕ್ರಿಯಾಟಿನಿನ್ ಮತ್ತು ಲಿವರ್ ರಿಪೋರ್ಟನ್ನು ಜೋಪಾನವಾಗಿಡಿ, ಮುಂದೆ ಯಾವ ಗುಳಿಗೆ ಎಂಬುದನ್ನು ಅವೇ ತೀರ್ಮಾನಿಸುತ್ತವೆ. ಥೈರಾಯ್ಡ್ ಕಡಿಮೆಯಾದರೂ ಮೈಯೆಲ್ಲ ನೋಯುತ್ತದೆ. ವಿಟಮಿನ್ ಡಿ ತೀರ ತಗ್ಗಿದರೆ ಮೂಳೆ ಮೆತ್ತಗಾಗಿ ತೊಡೆ, ಸೊಂಟ ಹಿಡಿಯುತ್ತವೆ. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಗುಳಿಗೆಯೂ ಕೆಲವರಲ್ಲಿ ಸ್ನಾಯು ನೋವು ತರುತ್ತದೆ.

ನಮ್ಮ ಭಾಗದಲ್ಲಿ ಇನ್ನೆರಡನ್ನು ನೆನಪಿಡಬೇಕು. ಯಾದಗಿರಿ, ಕಲಬುರಗಿ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕುತ್ತಿಗೆ, ಬೆನ್ನು ಬಿಗಿಯುತ್ತವೆ, ಬಗ್ಗಲು ಆಗದಂತಾಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಅತಿಯಾಗಿ ದಟ್ಟವಾಗಿ ಕಾಣುವುದು ಅದರ ಗುರುತು. ಅದಕ್ಕೆ ಮೊದಲ ಮದ್ದು ನೀರು ಬದಲಿಸುವುದು. ಇನ್ನೊಂದು ಚಿಕೂನ್‌ಗುನ್ಯಾ. ಜ್ವರ ಹೋದ ಮೇಲೂ ಅದರ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು, ಆದ್ದರಿಂದ ‘ಹಿಂದಿನ ವರ್ಷ ಜ್ವರ ಬಂದಿತ್ತು’ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕೀಲು ಕಣ್ಣಿಗೆ ಕಾಣುವಷ್ಟು ಊದಿ ಬೆಳಗಿನ ಬಿಗಿತ ಒಂದು ತಾಸು ಮೀರಿದರೆ, ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಕೈಕಾಲಲ್ಲಿ ಶಕ್ತಿ ಕಡಿಮೆಯಾಗಿದ್ದರೆ ಇದನ್ನು ಫೈಬ್ರೊಮಯಾಲ್ಜಿಯಾ ಎಂದು ಬಿಡುವಂತಿಲ್ಲ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ಅಥವಾ ಯಾದಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ತೋರಿಸಿ. ಸಂಧಿವಾತ ತಜ್ಞರು ಬೇಕಾದರೆ ಹೈದರಾಬಾದ್ ಅಥವಾ ಸೊಲ್ಲಾಪುರಕ್ಕೆ ಹೋಗುವ ಮುಂಚೆಯೇ ಇಲ್ಲಿ ರಕ್ತಪರೀಕ್ಷೆ ಮುಗಿಸಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.

ಎರಡನೆಯದು: ಈಗ ನುಂಗುತ್ತಿರುವುದನ್ನು ಲೆಕ್ಕ ಹಾಕಿ

ಮನೆಯಲ್ಲಿರುವ ಎಲ್ಲ ಗುಳಿಗೆ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಸುರಿಯಿರಿ. ಬಿ.ಪಿ., ಸಕ್ಕರೆ, ಆಸಿಡಿಟಿ, ಆಯುರ್ವೇದ, ಪುಡಿ, ಎಲ್ಲವೂ ಅದರಲ್ಲಿರಲಿ. ನಾಚಿಕೆ ಬೇಡ. ಈ ಒಂದು ಕೆಲಸ ಅರ್ಧ ಅಪಾಯ ತಪ್ಪಿಸುತ್ತದೆ.

ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ನಿಮೆಸುಲೈಡ್ ಗುಂಪಿನ ನೋವಿನ ಗುಳಿಗೆ ಈ ರೋಗಕ್ಕೆ ಶಿಫಾರಸು ಆಗಿಲ್ಲ. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಯೂಲಾರ್ 2017ರಲ್ಲಿ ಹೊರತಂದ ಮಾರ್ಗಸೂಚಿ ಇವುಗಳ ಜತೆ ಸ್ಟೀರಾಯ್ಡ್ ಮತ್ತು ಬಲವಾದ ಅಫೀಮು ಜಾತಿಯ ನೋವುನಿವಾರಕಗಳನ್ನೂ ಬೇಡ ಎಂದಿದೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವ ನಮ್ಮ ಕಡೆ ಹೊಲದಲ್ಲಿ ಬೆವರಿ, ನೀರು ಕುಡಿಯದೆ, ದಿನಾ ಈ ಗುಳಿಗೆ ನುಂಗಿದರೆ ಪೆಟ್ಟು ಬೀಳುವುದು ಕಿಡ್ನಿಗೆ. ಬಿ.ಪಿ. ಗುಳಿಗೆ, ಅದರಲ್ಲೂ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು.

ಸ್ಟೀರಾಯ್ಡ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸೂಜಿ ಹಾಕಿಸಿದ ಮರುದಿನವೇ ಮೈ ಹಗುರಾಯಿತು, ಹಸಿವು ಹೆಚ್ಚಾಯಿತು, ದಿನ ಕಳೆದಂತೆ ಮುಖ ದುಂಡಗಾಯಿತು ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಹೆಸರಿಲ್ಲದ ‘ನೋವಿನ ಪುಡಿ’ಗಳಲ್ಲೂ ಅದನ್ನು ಬೆರೆಸಿರುವುದು ಪತ್ತೆಯಾದದ್ದುಂಟು. ಇದನ್ನು ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಬಾರದು. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರು ಮೆಲ್ಲಗೆ ಇಳಿಸಿಕೊಡಬೇಕು.

ವಿಟಮಿನ್ ಡಿ ಕಡಿಮೆಯಿದ್ದರೆ 60,000 ಯೂನಿಟ್‌ನ ಗುಳಿಗೆ ವಾರಕ್ಕೆ ಒಂದು, ಸಾಮಾನ್ಯವಾಗಿ 8 ವಾರ, ಊಟವಾದ ಮೇಲೆ ಹಾಲಿನ ಜತೆ. ಇದನ್ನು ದಿನಕ್ಕೊಂದರಂತೆ ನುಂಗಿ ಕ್ಯಾಲ್ಸಿಯಂ ಏರಿಸಿಕೊಂಡು ಆಸ್ಪತ್ರೆ ಸೇರುವವರಿದ್ದಾರೆ. ಚೀಟಿಯಲ್ಲಿ ‘ವಾರಕ್ಕೊಮ್ಮೆ, ರವಿವಾರ’ ಎಂದು ವಾರದ ಹೆಸರನ್ನೇ ಬರೆಸಿಕೊಳ್ಳಿ.

ಮೂರನೆಯದು: ಒಂದು ನೋಟ್‌ಬುಕ್

ಗುಳಿಗೆ ಶುರು ಮಾಡುವ ಮೊದಲು ಒಂದು ವಾರ, ದಿನಾ ರಾತ್ರಿ ಮೂರು ಅಂಕಿ ಬರೆಯಿರಿ. ಇವತ್ತಿನ ನೋವು 10ಕ್ಕೆ ಎಷ್ಟು, ನಿದ್ದೆ ಎಷ್ಟು ತಾಸು, ಯಾವ ಒಂದು ಕೆಲಸ ಅರ್ಧಕ್ಕೆ ಬಿಡಬೇಕಾಯಿತು. ಹತ್ತು ರೊಟ್ಟಿ ಬಡಿಯುವುದರಲ್ಲಿ ಆರಕ್ಕೇ ತೋಳು ಸೋತರೆ ‘6 ರೊಟ್ಟಿ’ ಎಂದು ಬರೆಯಿರಿ. ಓದು ಬರಹ ಬಾರದ ಅವ್ವನಿಗೆ ಮಗಳೋ ಮೊಮ್ಮಗನೋ ಬರೆದುಕೊಟ್ಟರಾಯಿತು. ಎರಡು ತಿಂಗಳ ನಂತರ ನೋವು 8ರಿಂದ 5ಕ್ಕೆ ಇಳಿದಿದ್ದರೆ ಅದು ಒಳ್ಳೆಯ ಫಲ. ನೂರಕ್ಕೆ 30ರಷ್ಟು ಇಳಿದರೂ ಔಷಧ ಹಿಡಿದಿದೆ ಎಂದೇ ಲೆಕ್ಕ. ಸೊನ್ನೆ ಆಗಬೇಕೆಂದು ಕಾದರೆ ಒಳ್ಳೆಯ ಗುಳಿಗೆಯನ್ನೂ ಕೈಬಿಡುತ್ತೀರಿ.

ನಾಲ್ಕನೆಯದು: ಮೊದಲ ಗುಳಿಗೆಯ ಆಯ್ಕೆ

ಅಮೆರಿಕದ ಔಷಧ ನಿಯಂತ್ರಕರು ಈ ರೋಗಕ್ಕೆಂದೇ ಒಪ್ಪಿಗೆ ಕೊಟ್ಟದ್ದು ಪ್ರೆಗಾಬಾಲಿನ್‌ಗೆ 2007ರಲ್ಲಿ, ಡ್ಯುಲೊಕ್ಸೆಟಿನ್‌ಗೆ 2008ರಲ್ಲಿ, ಮಿಲ್ನಾಸಿಪ್ರಾನ್‌ಗೆ 2009ರಲ್ಲಿ. ಯುರೋಪಿನ ನಿಯಂತ್ರಕರು ಇದೇ ಮೂರಕ್ಕೆ ಈ ರೋಗದಲ್ಲಿ ಒಪ್ಪಿಗೆ ಕೊಡಲಿಲ್ಲ. ಅಂದರೆ ಲಾಭ ನಿಜ, ಆದರೆ ಎಲ್ಲರಿಗೂ ಸಿಗುವಂಥದ್ದಲ್ಲ. ಯಾವುದು ಒಗ್ಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಮುಖ್ಯ ತೊಂದರೆ ಏನು, ಜತೆಗೆ ಯಾವ ರೋಗವಿದೆ ಎಂಬುದರ ಮೇಲೆ ಆರಿಸುತ್ತಾರೆ.

ನಿದ್ದೆಯೇ ದೊಡ್ಡ ತೊಂದರೆಯಾದರೆ ಅಮಿಟ್ರಿಪ್ಟಿಲಿನ್. ಹಳೆಯದು, ಅಗ್ಗ, ತಾಲ್ಲೂಕು ಊರುಗಳಲ್ಲೂ ಸಿಗುತ್ತದೆ. 10 ಮಿಲಿಗ್ರಾಂ ಅಥವಾ ಅದರ ಅರ್ಧದಿಂದ ಶುರು, ಮಲಗುವ ಹೊತ್ತಿಗಲ್ಲ, ಅದಕ್ಕೆ ಒಂದೆರಡು ತಾಸು ಮುಂಚೆ. ಹತ್ತಕ್ಕೆ ಮಲಗುವವರು ಎಂಟಕ್ಕೆ ತೆಗೆದುಕೊಂಡರೆ ಬೆಳಗಿನ ಮಂಪರು ಕಡಿಮೆ. ಒಂದೆರಡು ವಾರಕ್ಕೊಮ್ಮೆ 5ರಿಂದ 10 ಮಿಲಿಗ್ರಾಂ ಏರಿಸುತ್ತ 25ಕ್ಕೆ, ಬೇಕಾದರೆ 50ಕ್ಕೆ ಹೋಗುತ್ತಾರೆ. ‘ಇದು ಡಿಪ್ರೆಶನ್ ಗುಳಿಗಿ ಅಂತ, ನಂಗ್ಯಾಕ?’ ಎಂದು ಗೂಗಲ್ ನೋಡಿ ನಿಲ್ಲಿಸುವವರು ಬಹಳ. ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚು. ಇಲ್ಲಿ ಇದು ನೋವು ತಗ್ಗಿಸುವ ನರಮಾರ್ಗಕ್ಕೆ ಬಲ ಕೊಡಲು, ನಿದ್ದೆ ಗಟ್ಟಿ ಮಾಡಲು. ಬಾಯಿ ಒಣಗುವುದು, ಮಲಬದ್ಧತೆ, ತೂಕ ಏರುವುದು ಸಾಮಾನ್ಯ. ಹೃದಯದ ಬಡಿತ ತಪ್ಪುವವರು, ಇತ್ತೀಚೆಗೆ ಹೃದಯಾಘಾತ ಆದವರು, ಕಣ್ಣಿನ ಒತ್ತಡದ ಗ್ಲಾಕೋಮಾ ಇರುವವರು, ಪ್ರಾಸ್ಟೇಟ್‌ನಿಂದ ಮೂತ್ರ ಕಟ್ಟುವ ಹಿರಿಯರು ಇದನ್ನು ಬಿಡಬೇಕಾಗುತ್ತದೆ. ವಯಸ್ಸಾದವರಿಗೆ ಕೊಡುವ ಮುಂಚೆ ಒಂದು ಇಸಿಜಿ ತೆಗೆಸುವುದು ಒಳ್ಳೆಯದು.

ನಮ್ಮ ಬೇಸಿಗೆಗೆ ಸಂಬಂಧಿಸಿದ ಮಾತೊಂದಿದೆ. ಈ ಗುಳಿಗೆ ಬೆವರನ್ನು ತಗ್ಗಿಸುತ್ತದೆ. ಬೆವರದ ಮೈ ಬಿಸಿಲನ್ನು ತಾಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ತೆಗೆದುಕೊಳ್ಳುವವರು ಮಧ್ಯಾಹ್ನ ಹೊಲಕ್ಕೆ ಇಳಿಯಬಾರದು. ಮಾಳಿಗೆಯ ಮೇಲೆ ಮಲಗುವ ರೂಢಿ ಇರುವವರು ಮೊದಲ ಎರಡು ವಾರ ಕೆಳಗೇ ಮಲಗಲಿ. ರಾತ್ರಿ ಮಂಪರಿನಲ್ಲಿ ಮೂತ್ರಕ್ಕೆಂದು ಎದ್ದು ಮೆಟ್ಟಿಲಿಳಿಯುವಾಗ ಬಿದ್ದರೆ ನೋವಿಗೆ ಮೂಳೆ ಮುರಿತವೂ ಸೇರುತ್ತದೆ.

ಮೈ ಉರಿ, ಚುಚ್ಚು, ಜುಮ್ಮೆನ್ನುವುದು ಹೆಚ್ಚಿದ್ದರೆ ಪ್ರೆಗಾಬಾಲಿನ್. ನರತುದಿಯ ಕ್ಯಾಲ್ಸಿಯಂ ದ್ವಾರಕ್ಕೆ ಅಂಟಿಕೊಂಡು ನೋವಿನ ಸಂಕೇತ ಬಿಡುಗಡೆಯಾಗುವುದನ್ನು ಇದು ತಗ್ಗಿಸುತ್ತದೆ. ಕಂಪನಿಯ ಲೇಬಲ್ ಪ್ರಕಾರ 75 ಮಿಲಿಗ್ರಾಂ ದಿನಕ್ಕೆರಡು ಸಲ ಶುರು, ದಿನಕ್ಕೆ ಒಟ್ಟು 300ರಿಂದ 450ರವರೆಗೆ. ಆದರೆ ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳಿಗೆ, 60 ವರ್ಷ ದಾಟಿದವರಿಗೆ ರಾತ್ರಿ ಒಂದೇ 25 ಅಥವಾ 50ರಿಂದ ಶುರು ಮಾಡುವುದು ನಮ್ಮ ಮಟ್ಟಿಗೆ ಸರಿಯಾದ ದಾರಿ. 75 ಕೊಟ್ಟ ಮೊದಲ ದಿನವೇ ಚಕ್ಕರ್ ಬಂದು ‘ಈ ಗುಳಿಗಿ ನನಗ ಆಗಿಬರಂಗಿಲ್ಲ’ ಎಂದು ಬಿಟ್ಟವರು ಎಷ್ಟೋ ಜನ, 25ರಿಂದ ಹತ್ತಿದ್ದರೆ ಅವರಲ್ಲಿ ಕೆಲವರಾದರೂ ಗುಳಿಗೆ ಮುಂದುವರಿಸುತ್ತಿದ್ದರು.

ತೊಂದರೆ ಏನೆಂದರೆ ಸಣ್ಣ ಮೆಡಿಕಲ್‌ಗಳಲ್ಲಿ ಬರೀ ಪ್ರೆಗಾಬಾಲಿನ್ ಬದಲು 75ರ ಜತೆ ಮೀಥೈಲ್‌ಕೊಬಾಲಮಿನ್ (ಬಿ12ರ ಒಂದು ರೂಪ), ಅಥವಾ 75ರ ಜತೆ ನಾರ್ಟ್ರಿಪ್ಟಿಲಿನ್ 10 (ಅಮಿಟ್ರಿಪ್ಟಿಲಿನ್ ಜಾತಿಯದು) ಸೇರಿಸಿದ ಕೂಡುಗುಳಿಗೆಯೇ ಹೆಚ್ಚು ಇರುತ್ತದೆ. ಕೂಡುಗುಳಿಗೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಏರಿಸಲಾಗದು, ಬಾಯಿ ಒಣಗಿದ್ದು ಯಾವುದರಿಂದ ಎಂದು ತಿಳಿಯದು. ‘ಎಸ್‌ಆರ್’ ಎಂದು ಬರೆದ ಗುಳಿಗೆಯನ್ನು ಮುರಿದು ಅರ್ಧ ಮಾಡುವಂತಿಲ್ಲ, ನಿಧಾನವಾಗಿ ಬಿಡಬೇಕಾದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಚೀಟಿಯಲ್ಲಿ ‘ಪ್ರೆಗಾಬಾಲಿನ್ 25 ಮಾತ್ರ’ ಎಂದು ಜೆನರಿಕ್ ಹೆಸರಿನಲ್ಲಿ ಬರೆಸಿ, ಜನೌಷಧಿ ಕೇಂದ್ರದಲ್ಲೋ ದೊಡ್ಡ ಅಂಗಡಿಯಲ್ಲೋ ಕೇಳಿ. ಇಲ್ಲದಿದ್ದರೆ ತರಿಸಿಕೊಡಲು ಹೇಳಿ, ‘ಅದೇ ಕಂಟೆಂಟ್’ ಎಂದು ಬೇರೆಯದನ್ನು ಕೊಟ್ಟರೆ ಒಪ್ಪಬೇಡಿ.

ಪ್ರೆಗಾಬಾಲಿನ್ ಹೊರಹೋಗುವುದು ಮೂತ್ರದ ಮೂಲಕವೇ. ಕಿಡ್ನಿ ಮಂದವಾಗಿದ್ದರೆ ಪ್ರಮಾಣ ಇಳಿಸಲೇಬೇಕು, ಇಲ್ಲವಾದರೆ ಅದು ಮೈಯಲ್ಲಿ ಕೂಡಿಕೊಂಡು ಮಂಪರು, ತೊದಲು ಶುರುವಾಗುತ್ತದೆ. ಪಾದ ಊದುವುದು, ತೂಕ ಏರುವುದು ಇದರ ಗುಣ. ಸಕ್ಕರೆ ಕಾಯಿಲೆಗೆ ಪಿಯೊಗ್ಲಿಟಜೋನ್ ತೆಗೆದುಕೊಳ್ಳುವವರಿಗೆ ಊತ ಇನ್ನೂ ಹೆಚ್ಚು, ಹೃದಯ ದುರ್ಬಲವಾಗಿದ್ದರೆ ಅಪಾಯ. ಮೊದಲ ವಾರ ಬೈಕು, ಟ್ರ್ಯಾಕ್ಟರ್ ಬೇಡ. ಶೇಂದಿ, ಸಾರಾಯಿ ಜತೆ ಸೇರಿದರೆ ಉಸಿರಾಟವೇ ಮಂದವಾಗಬಹುದು. ಪ್ರೆಗಾಬಾಲಿನ್ ಸಿಗದಿದ್ದರೆ ಅಥವಾ ಒಗ್ಗದಿದ್ದರೆ ಗ್ಯಾಬಾಪೆಂಟಿನ್ ಕೊಡುವುದುಂಟು, ರಾತ್ರಿ 100 ಅಥವಾ 300ರಿಂದ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಸಿಡಿಟಿ ಸಿರಪ್ ಕುಡಿದು ಎರಡು ತಾಸು ಕಳೆದ ಮೇಲೆಯೇ ಅದನ್ನು ನುಂಗಬೇಕು, ಇಲ್ಲದಿದ್ದರೆ ರಕ್ತಕ್ಕೆ ಸರಿಯಾಗಿ ಸೇರದು.

ನೋವಿನ ಜತೆ ಮನಸ್ಸೂ ಕುಗ್ಗಿದ್ದರೆ, ಹಗಲಿನ ದಣಿವು ಹೆಚ್ಚಿದ್ದರೆ ಡ್ಯುಲೊಕ್ಸೆಟಿನ್. 30 ಮಿಲಿಗ್ರಾಂ ಒಂದು ವಾರ, ನಂತರ 60. ಅದಕ್ಕಿಂತ ಮೇಲೇರಿಸಿದರೆ ಹೆಚ್ಚು ಲಾಭವಿಲ್ಲ, ತೊಂದರೆ ಮಾತ್ರ ಹೆಚ್ಚು. ಊಟವಾದ ಮೇಲೆಯೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ವಾಕರಿಕೆ ಬಹಳಷ್ಟು ಜನರಲ್ಲಿ ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಕ್ಯಾಪ್ಸೂಲ್ ಬಿಚ್ಚಿ ಕಾಳುಗಳನ್ನು ನೀರಿಗೆ ಹಾಕಿ ಕುಡಿಯಬಾರದು, ಅದರ ಹೊದಿಕೆ ಇರುವುದೇ ಹೊಟ್ಟೆಯ ಆಮ್ಲದಿಂದ ಔಷಧ ಉಳಿಸಲು. ಲಿವರ್ ಕೆಟ್ಟವರು, ದಿನಾ ಕುಡಿಯುವವರು, ಕಿಡ್ನಿ ತೀರ ದುರ್ಬಲವಾದವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಬಿ.ಪಿ.ಯನ್ನು ಎರಡು ವಾರಕ್ಕೊಮ್ಮೆ ನೋಡಿಸಿ. ಇದರ ಜತೆ ನೋವಿನ ಗುಳಿಗೆ ಮುಂದುವರಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ಮಿಲ್ನಾಸಿಪ್ರಾನ್ ಇದರ ದಾಯಾದಿ. 12.5ರಿಂದ ಹತ್ತಿ ಒಂದು ವಾರದ ಮೇಲೆ 50 ದಿನಕ್ಕೆರಡು ಸಲ. ನಾಡಿ, ಬಿ.ಪಿ. ಎರಡನ್ನೂ ಏರಿಸುತ್ತದೆ.

ಸ್ನಾಯು ಸಡಿಲಿಸುವ ಸೈಕ್ಲೊಬೆಂಜಪ್ರಿನ್ ರಾತ್ರಿ 5 ಅಥವಾ 10 ಮಿಲಿಗ್ರಾಂ ಕೆಲವರಿಗೆ ನಿದ್ದೆ ಸುಧಾರಿಸುತ್ತದೆ. ರಚನೆಯಲ್ಲಿ ಅಮಿಟ್ರಿಪ್ಟಿಲಿನ್‌ಗೆ ಹತ್ತಿರ, ಹಾಗಾಗಿ ಹೃದಯದ ಎಚ್ಚರಿಕೆಯೂ ಅದೇ. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ನಾಲಿಗೆ ಕೆಳಗಿಡುವ ಬೇರೆ ರೂಪ. ಅಫೀಮು ಜಾತಿಯಲ್ಲೇ ಬಲ ಕಡಿಮೆಯಿರುವ ನೋವುನಿವಾರಕ ಟ್ರಮಡಾಲ್ ಕೊನೆಯ ಸಾಲಿನದು. ಚಟ ಹಿಡಿಸುತ್ತದೆ, ಫಿಟ್ಸ್ ತರಬಹುದು, 2018ರಿಂದ ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ. ಡ್ಯುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವಾಗ ಯಾರೋ ಬೇರೆ ವೈದ್ಯರು ಟ್ರಮಡಾಲ್ ಬರೆದುಬಿಟ್ಟರೆ ನಡುಕ, ಜ್ವರ, ಬೆವರು, ಭೇದಿ, ಗಾಬರಿ ಒಟ್ಟಿಗೆ ಬರುವ ಸಂಭವವಿದೆ. ಆಗ ಮನೆಯಲ್ಲಿ ಕಾಯದೆ 108ಕ್ಕೆ ಕರೆ ಮಾಡಿ.

ಐದನೆಯದು: ಮೊದಲ ಎಂಟು ವಾರ

ಮೊದಲ ಎರಡು ವಾರ ಕಾಣುವುದು ಹೆಚ್ಚಾಗಿ ಅಡ್ಡಪರಿಣಾಮ, ಲಾಭ ಆಮೇಲೆ. ನಿದ್ದೆ ಮೊದಲು ಸುಧಾರಿಸುತ್ತದೆ, ನೋವು ಮೂರ್ನಾಲ್ಕು ವಾರದ ಮೇಲೆ. ಆದ್ದರಿಂದ ಹತ್ತನೇ ದಿನಕ್ಕೆ ತೀರ್ಪು ಕೊಡಬೇಡಿ. ಸಹಿಸಬಲ್ಲ ಸರಿಯಾದ ಪ್ರಮಾಣ ಮುಟ್ಟಿದ ಮೇಲೆ ಆರರಿಂದ ಎಂಟು ವಾರ ಕೊಡಿ. ಆಗ ನೋಟ್‌ಬುಕ್ ತೆರೆದು ಮೊದಲ ವಾರದ ಅಂಕಿಗೆ ಹೋಲಿಸಿ. ಏನೂ ಇಳಿದಿಲ್ಲವೆಂದರೆ ಆ ಗುಳಿಗೆಯನ್ನು ಮೆಲ್ಲಗೆ ಬಿಡಿಸಿ ಇನ್ನೊಂದಕ್ಕೆ ಹೋಗಬೇಕು, ಅದರ ಮೇಲೆ ಇನ್ನೊಂದನ್ನು ಪೇರಿಸುತ್ತ ಹೋಗಬಾರದು. ಸ್ವಲ್ಪ ಇಳಿದು ನಿಂತರೆ ಮಾತ್ರ ಎರಡನೆಯದನ್ನು ಸೇರಿಸುವ ಮಾತು, ಉದಾಹರಣೆಗೆ ಹಗಲು ಡ್ಯುಲೊಕ್ಸೆಟಿನ್, ರಾತ್ರಿ ಸಣ್ಣ ಪ್ರೆಗಾಬಾಲಿನ್. ಡ್ಯುಲೊಕ್ಸೆಟಿನ್ ಜತೆ ಅಮಿಟ್ರಿಪ್ಟಿಲಿನ್ ಬೆರೆಸಿದರೆ ಲಿವರ್ ಎರಡನೆಯದನ್ನು ಕರಗಿಸಲು ಹಿಂದೆ ಬೀಳುತ್ತದೆ, 10 ಮಿಲಿಗ್ರಾಂ ಅದಕ್ಕಿಂತ ಹೆಚ್ಚಿನ ಪ್ರಮಾಣದಂತೆ ವರ್ತಿಸಬಹುದು.

ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ. ಶ್ರಾವಣ ಸೋಮವಾರದ ಉಪವಾಸದಲ್ಲಿ ಡ್ಯುಲೊಕ್ಸೆಟಿನ್ ಅನ್ನು ಫಲಾಹಾರದ ನಂತರ ತೆಗೆದುಕೊಂಡರೆ ವಾಕರಿಕೆ ಕಡಿಮೆ. ರಂಜಾನ್ ರೋಜಾ ಇರುವವರು ಶುರುವಿಗೆ ಎರಡು ವಾರ ಮುಂಚೆಯೇ ವೈದ್ಯರಲ್ಲಿ ಹೊತ್ತು ಬದಲಿಸಿಕೊಳ್ಳಲಿ. ಡ್ಯುಲೊಕ್ಸೆಟಿನ್ ಇಫ್ತಾರ್ ಊಟದ ಮೇಲೆ, ಅಮಿಟ್ರಿಪ್ಟಿಲಿನ್ ತರಾವೀಹ್ ಮುಗಿಸಿ ಮನೆಗೆ ಬಂದ ಮೇಲೆ. ಸಹರಿಗೆ ಪ್ರೆಗಾಬಾಲಿನ್ ತೆಗೆದುಕೊಂಡರೆ ಬೆಳಗಿನ ಕೆಲಸದಲ್ಲಿ ಜೋಂಪು ಹತ್ತುತ್ತದೆ, ಸಂಜೆಯ ಪಾಲನ್ನೇ ಹೊಂದಿಸಿಕೊಡಲು ಕೇಳಿ.

ಗರ್ಭಿಣಿಯರು, ಮಗು ಬೇಕೆಂದಿರುವವರು, ಹಾಲುಣಿಸುವವರು ಅದನ್ನು ಚೀಟಿ ಬರೆಯುವ ಮೊದಲೇ ಹೇಳಬೇಕು. ಪ್ರೆಗಾಬಾಲಿನ್ ಬಗ್ಗೆ ಇದು ಮುಖ್ಯ. 25 ವರ್ಷದ ಒಳಗಿನವರಲ್ಲಿ ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ತರುವುದುಂಟು. ಮಾತು ಕಡಿಮೆಯಾಯಿತು, ಮೂಲೆ ಹಿಡಿದು ಕೂತಳು ಎಂದು ಮನೆಯವರಿಗೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ಎದೆನೋವು, ಮೂತ್ರ ಪೂರ್ತಿ ಕಟ್ಟುವುದು, ಕಣ್ಣು ನೋವಿನ ಜತೆ ದೃಷ್ಟಿ ಮಂಜಾಗುವುದು, ತುಟಿ ಮುಖ ಊದುವುದು, ಇವಕ್ಕೂ ತಡ ಮಾಡುವಂತಿಲ್ಲ.

ಗುಳಿಗೆ ಫಲ ಕೊಟ್ಟು ರಾತ್ರಿಯ ನಿದ್ದೆ ಸುಧಾರಿಸಿದ ಮೇಲೆ ನಡಿಗೆ ಶುರು ಮಾಡಿ. ಯೂಲಾರ್‌ನ ಆ ಮಾರ್ಗಸೂಚಿಯಲ್ಲಿ ಗಟ್ಟಿಯಾಗಿ ಶಿಫಾರಸು ಮಾಡಿದ ಒಂದೇ ಚಿಕಿತ್ಸೆ ವ್ಯಾಯಾಮ. ಔಷಧಗಳಿಗೆಲ್ಲ ಸಿಕ್ಕಿದ್ದು ಅದಕ್ಕಿಂತ ದುರ್ಬಲ ಶಿಫಾರಸು. ಬೆಳಿಗ್ಗೆ ಏಳರೊಳಗೆ ಹತ್ತು ನಿಮಿಷ, ವಾರಕ್ಕೆ ಎರಡೆರಡು ನಿಮಿಷ ಏರಿಸುತ್ತ. ಮೈ ಹಗುರಾದ ದಿನ ಒಮ್ಮೆಲೇ ಮನೆಯೆಲ್ಲ ಸಾರಿಸಿ, ರಾಶಿ ಬಟ್ಟೆ ಒಗೆದು, ಮೂರು ದಿನ ಹಾಸಿಗೆ ಹಿಡಿಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಆ ಮೂರು ದಿನದ ನೋವನ್ನು ಗುಳಿಗೆಯ ಸೋಲು ಎಂದು ಎಣಿಸಿ ಬದಲಿಸಲು ಹೋಗುತ್ತಾರೆ.

ಆರನೆಯದು: ಬಿಡುವ ಕ್ರಮ

ಗುಣ ನೆಲೆನಿಂತು ಆರು ತಿಂಗಳಿಂದ ವರ್ಷ ಕಳೆದ ಮೇಲೆ ಇಳಿಸಿ ನೋಡಬಹುದು. ಒಮ್ಮೆಲೇ ಬಿಟ್ಟರೆ ಡ್ಯುಲೊಕ್ಸೆಟಿನ್‌ನಿಂದ ತಲೆಯಲ್ಲಿ ಕರೆಂಟ್ ಹೊಡೆದಂತೆ, ಚಕ್ಕರ್, ಸಿಡುಕು. ಪ್ರೆಗಾಬಾಲಿನ್‌ನಿಂದ ನಿದ್ದೆಗೇಡು, ಬೆವರು, ಕಳವಳ. ಡ್ಯುಲೊಕ್ಸೆಟಿನ್ 60ರಿಂದ 30ಕ್ಕೆ ಇಳಿಸಿ ಕನಿಷ್ಠ ಎರಡು ವಾರ 30ನ್ನೇ ತೆಗೆದುಕೊಂಡು ಆಮೇಲೆ ಬಿಡಬೇಕು. ಪ್ರೆಗಾಬಾಲಿನ್‌ಗೆ ಕನಿಷ್ಠ ಒಂದು ವಾರ, ಬಹುಕಾಲ ತೆಗೆದುಕೊಂಡವರಿಗೆ ವಾರಕ್ಕೆ 25ರಿಂದ 50 ಇಳಿಸುತ್ತ ಹಲವು ವಾರ. ಊರಿಗೆ, ಜಾತ್ರೆಗೆ ಹೋಗುವಾಗ ಮೂರು ದಿನದ ಗುಳಿಗೆ ಹೆಚ್ಚೇ ಕಟ್ಟಿಕೊಳ್ಳಿ, ಅಲ್ಲಿನ ಅಂಗಡಿಯಲ್ಲಿ ಅದೇ ಪ್ರಮಾಣ ಸಿಗುತ್ತದೆಂಬ ಭರವಸೆ ಇಲ್ಲ. ಇಳಿಸಲು ಕಾಲವನ್ನೂ ನೋಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದು ರಾಶಿ ಮಾಡುವ ಹೊತ್ತಿಗೆ, ಮನೆಯಲ್ಲಿ ಮದುವೆ ಇರುವ ತಿಂಗಳಲ್ಲಿ ಬೇಡ. ರಾಶಿ ಮುಗಿದು ಮೈಗೆ ಬಿಡುವು ಸಿಕ್ಕ ಫೆಬ್ರುವರಿಯಲ್ಲಿ ಶುರು ಮಾಡಿ, ಬಿಸಿಲು ಏರುವ ಮುಂಚೆ ಮುಗಿಸಿ, ನೋಟ್‌ಬುಕ್ಕಿನ ಅಂಕಿ ಮತ್ತೆ ಏರಿದರೆ ಹಿಂದಿನ ಮೆಟ್ಟಿಲಿಗೆ ವಾಪಸಾಗಿ.